ಎರಡನೇ ಭೂತದ ಸನಾದಿ

ನಾಗರಪಂಚಮಿಯ ಮರುದಿನ, ಶಾಲೆಗೆಂದು ಹೊರಟವನು ಪಾಟಿಚೀಲವನ್ನು ಬೇವಿನ ಗಿಡಕ್ಕೆ ನೇತುಹಾಕಿ ಮೊದಲ ಸಲ ಊರು ಬಿಟ್ಟೆ. ಆಮೇಲೆ ಬಿಟ್ಟ ಊರುಗಳಿಗೆ ಲೆಕ್ಕವಿಲ್ಲ. ಹೋದಲ್ಲೆಲ್ಲ ಫಜೀತಿ ನನಗಿಂತ ಮೊದಲೇ ಬಂದು ಚಾಪೆ ಹಾಸಿಕೊಂಡು ಕೂತಿರುತ್ತದೆ. ಟೆಂಟ್ ಸಿನಿಮಾದ ಗೇಟ್ ಕಾಯುವಾಗಲೂ ಅಷ್ಟೇ.

ಹಳಿಯಾಳ

ಮೊದಲು ತಂದ ಭೂತದ ಚಿತ್ರದಲ್ಲಿ ಭೂತ ಬರುವಾಗ ಸಂಗೀತವೇ ಇರಲಿಲ್ಲ. ಬಾವಿಯ ಗಡಗಡಿ ಕಿರ್ ಅನ್ನುತ್ತಿತ್ತು, ಅಷ್ಟೇ. ನೋಡಿದ ಹೆಂಗಸರು ಸಂಜೆಯಾದರೆ ನೀರು ಸೇದಲಿಲ್ಲ. ಅದೇ ಆಸೆಗೆ ಮಾಲಕ ಎರಡನೇ ಭಾಗವನ್ನೂ ತಂದ. "ಇದಕ್ಕ ಜನಾ ಹೆದರಲಿಲ್ಲಂದ್ರ ಟೆಂಟ್ ಬಿಚ್ಚಿ ಮಾರಿಬಿಡ್ತೇನಿ," ಅಂದ. ನನ್ನ ರೊಟ್ಟಿಯೂ ಅದೇ ಟೆಂಟಿನ ಹಗ್ಗಕ್ಕೆ ಕಟ್ಟಿತ್ತು.

ಭೂತ ಅದೇ. ಆದರೆ ಈ ಸಲ ಡೋಲು, ಸನಾದಿ, ಸೀಟಿ, ಎಲ್ಲ ತುರುಕಿದ್ದರು. ಭೂತಕ್ಕಿಂತ ಮೊದಲು ಬ್ಯಾಂಡೇ ಬರುತ್ತಿತ್ತು. ಮುಂದೆ ಕೂತ ಮುದುಕಿ, "ಡೋಲು ಶುರುವಾತು ತಂಗಿ, ಅದು ಬರೂದ್ರಾಗ ಒಂದ್ ಎಲಿ ಹಾಕ್ಕೊಳ್ಳೂಣು," ಎಂದು ಸಂಚಿ ಬಿಚ್ಚಿದಳು. ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಎಲೆ ಮಡಚಿ ಬಾಯಿಗಿಟ್ಟ ಮೇಲೆ ಭೂತ ಬಂತು.

"ಬಂದ್ಯಾ? ಭಾಳ ತಡಾ ಮಾಡಿದಿ ನೋಡು," ಅಂದಳು.

ದಾಂಡೇಲಿ

ಇಲ್ಲಿ ಭೂತ ಸೀಟಿಯ ಹಾಗೆ ಊಳಿಡುವ ಸದ್ದಿಗೆ ಅರ್ಧ ಟೆಂಟು ಎದ್ದು ಓಡಿತು. ಮಾಲಕನಿಗೆ ಹಿಗ್ಗೋ ಹಿಗ್ಗು. "ಹೆದರ್ಯಾರಲೇ! ನೋಡು, ನೋಡು!"

ಧಾರವಾಡ ಕಡೆಯವನೊಬ್ಬನನ್ನು ಗೇಟಿನಲ್ಲಿ ತಡೆದೆ. "ಯಾಕ್ರಿ, ಅಷ್ಟ ಹೆದರಿಕಿ ಆತೇನ್ರಿ?"

"ಹೆದರಿಕಿ ಎಲ್ಲೀದೋ ಮಾರಾಯಾ! ಕಾಗದದ ಗಿರಣಿ ಸೀಟಿ ಆತು, ಪಾಳಿಗೆ ಹೊಂಟೇವಿ. ನಿಮ್ಮ ಭೂತ ನಾಳೆನೂ ಬರ್ತೈತಿ, ತಡಾ ಆದ್ರ ಮೇಸ್ತ್ರಿ ಒಳಗ ಬಿಡೂದಿಲ್ಲ."

ಮುಂಡಗೋಡ

ಉಳಿದದ್ದು ಇದೊಂದೇ ಊರು. ಮಷೀನು ನಡೆಸುವ ಚಾಚಾ ಕೈಮುಗಿದು ಹೇಳಿದ, "ಸಾವ್ಕಾರ್ರ, ಆವಾಜ್ ಬಂದ್ ಮಾಡೂಣು. ಭೂತ ಸುಮ್ಮನ ಬಂದ್ರ ಹೆದರ್ತಾರ." ಮಾಲಕ ಕೇಳಲಿಲ್ಲ. "ಇನ್ನೂ ಜೋರ್ ಇಡು!"

ಸಂತೆಯ ದಿನ. ಪಕ್ಕದ ಪಾಳಾ ಊರಿನ ಕಡೆಯವರೆಲ್ಲ ಉಡಿಯಲ್ಲಿ ಚುರುಮುರಿ ಕಟ್ಟಿಕೊಂಡೇ ಬಂದು ಕೂತಿದ್ದರು. ಕೊನೆಯ ರೀಲು. ಬಿಳಿ ಸೀರೆಯ ಭೂತ ಕೂದಲು ಬಿಟ್ಟುಕೊಂಡು ಹೀರೋನ ಎದುರು ಬಂದು ನಿಂತಿತು. ಸನಾದಿ ಏರಿತು, ಡೋಲು ಓಡತೊಡಗಿತು. ನಮ್ಮ ಕಡೆ ಸನಾದಿ-ಡೋಲು ಆ ಓಟ ಹಿಡಿದರೆ ಅರ್ಥ ಒಂದೇ: ಲಗ್ನದ ಅಕ್ಕಿಕಾಳು ಹಾಕುವ ಹೊತ್ತು. ಕೈ ಯಾರನ್ನೂ ಕೇಳುವುದಿಲ್ಲ. ರುಮಾಲಿನ ಹಿರಿಯರೊಬ್ಬರು ಎದ್ದು ನಿಂತರು. ಅವರನ್ನು ನೋಡಿ ಇಡೀ ಟೆಂಟು ಎದ್ದಿತು. ಭೂತದ ತಲೆಯ ಮೇಲೆ ಚುರುಮುರಿಯ ಮಳೆ.

ಆಟ ಬಿಟ್ಟಾಗ ಮಾಲಕ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಹಿರಿಯರು ಬಂದು ಕೇಳಿದರು, "ಅಕ್ಕಿಕಾಳು ಚೊಲೋ ಆತ್ರಿ ಸಾವ್ಕಾರ್ರ. ಊಟದ ಪಂಗ್ತಿ ಎಲ್ಲೈತ್ರಿ?"

ಬೆಳಿಗ್ಗೆ, ಮುಂದೇನು ಎಂದು ಕೇಳಲು ಹೋದೆ. ಮಾಲಕ ಮುಖವನ್ನೂ ಎತ್ತಲಿಲ್ಲ.

"ಲಗ್ನಾ ಮುಗೀತಲ್ಲಪಾ. ಇನ್ನ ಹಂದರಾ ಬಿಚ್ಚು."

ಬಿಚ್ಚಿದೆ. ಆಮೇಲೆ ನನ್ನ ಕಂಬಳಿ ಜಾಡಿಸಿದೆ. ಅದರಿಂದಲೂ ಚುರುಮುರಿ ಉದುರಿತು. ಅಲ್ಲೇ ಕೂತು ಆರಿಸಿ ತಿಂದು, ಹುಬ್ಬಳ್ಳಿ ಬಸ್ಸು ಬರುವುದರೊಳಗೆ ಕಂಬಳಿ ಸುತ್ತತೊಡಗಿದೆ.