ಅಕ್ಕ ತಾಟು ಎಸೆಯುತ್ತಾಳೆ

ನಮ್ಮ ಬೀದರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಗಾಡಿ ಓಡಿಸುವವರೇ ಅಪರೂಪ. ಅಂಥದ್ದರಲ್ಲಿ ಹೆಲ್ಮೆಟ್ ಹಾಕಿಕೊಂಡು ಪಾರ್ಕಿನಲ್ಲಿ ಅಡ್ಡಾಡುವ ಮನುಷ್ಯನನ್ನು ಕಂಡರೆ ಏನೆಂದುಕೊಳ್ಳುತ್ತೀರಿ? ಹುಚ್ಚ ಅಂತ ತಾನೇ? ತಪ್ಪು! ಹುಚ್ಚಿನ ಮೂಲ ಆತನಿಗಿಂತ ಸ್ವಲ್ಪ ದೂರದಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಿಂತಿರುತ್ತದೆ. ಅದು ನಮ್ಮ ಅಕ್ಕ. ಹೆಲ್ಮೆಟ್ಟಿನೊಳಗಿನ ಬಡಪಾಯಿ ನಾನು.

ಅಕ್ಕ ಔರಾದಿನ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗ ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾಳೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಆಕೆಯ ಉತ್ತರ ಒಂದೇ: "ಅಂಜಸ್ಲಾಕ ತಮ್ಮ ಒಬ್ಬ ಇದ್ದಾನಲ್ಲ, ಗಂಡ ಯಾಕ ಬೇಕು?"

ಹೋದ ವರ್ಷ ಆಕೆಯ ಬಲಗೈ ನಡುಗಲು ಶುರುವಾಯಿತು. ಮೊದಲು ಚಹದ ಕಪ್ಪು ಬಸಿಯ ಮೇಲೆ ಕಟಕಟ ಎಂದಿತು. ಆಮೇಲೆ ಸಹಿ ಸೊಟ್ಟಗಾಯಿತು. ಆಮೇಲೆ ರೊಟ್ಟಿ ಕೈಯಿಂದ ಹಂಚಿಗೆ ಹೋಗುವ ಮೊದಲೇ ಹರಿದು ಬೀಳತೊಡಗಿತು. ಡಾಕ್ಟರು ನೋಡಿ, ಇದು ಕಂಪವಾತ, ಬಂದದ್ದು ಹೋಗುವುದಿಲ್ಲ, ನಿಧಾನಕ್ಕೆ ಹೆಚ್ಚುತ್ತಲೇ ಇರುತ್ತದೆ ಎಂದರು. ಗುಳಿಗೆ ಬರೆದುಕೊಟ್ಟು, "ಕೈ ಆಡಸ್ತಾ ಇರ್ರಿ, ಅಕ್ಕಾರೆ" ಎಂದು ಕಳಿಸಿದರು.

ಚಿಂತೆ ಮಾಡುವುದು ನನ್ನ ಖಾಯಂ ಉದ್ಯೋಗ. ರಜೆ ಇಲ್ಲ, ನಿವೃತ್ತಿಯೂ ಇಲ್ಲ. ಆ ದಿನ ಮನೆಗೆ ಬಂದು ನಾನು ಊಟ ಬಿಟ್ಟೆ. ಅಕ್ಕ ಎರಡು ಸಲ ಅನ್ನ ನೀಡಿಸಿಕೊಂಡಳು.

ಅದೇ ಹೊತ್ತಿಗೆ ನಮ್ಮ ಪಾರ್ಕಿನಲ್ಲಿ ಯಾರ ತಲೆಗೆ ಏನು ಹೊಳೆಯಿತೋ, ಅಲ್ಲೊಂದು ಇಲ್ಲೊಂದರಂತೆ ಒಂಬತ್ತು ಕಬ್ಬಿಣದ ಕಂಬ ನೆಟ್ಟರು. ಕಂಬಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳು. ಜನ ತಮಗೆ ತಿಳಿದಂತೆ ಬಳಸಿಕೊಂಡರು. ಒಬ್ಬರು ಕಸ ಹಾಕಿದರು. ಒಬ್ಬರು ಪಾರಿವಾಳಕ್ಕೆಂದು ಜೋಳ ಸುರಿದರು. ಬೇವಿನ ಗಿಡದ ಹತ್ತಿರದ ಸರಪಳಿಗೆ ಯಾರೋ ಹರಕೆಯ ದಾರವನ್ನೂ ಕಟ್ಟಿಬಿಟ್ಟರು! ಕಡೆಗೆ ಒಬ್ಬ ತರಬೇತುದಾರ ಬಂದು, ಇದು ಡಿಸ್ಕ್ ಗಾಲ್ಫ್ ಎಂಬ ಆಟ, ಚೆಂಡಿನ ಬದಲು ತಟ್ಟೆ, ಗುಣಿಯ ಬದಲು ಬುಟ್ಟಿ, ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದಂತೆ ಎಂದು ವಿವರಿಸಿದ. ಕೇಳಿದವರೆಲ್ಲ ತಲೆಯಾಡಿಸಿ ವಾಕಿಂಗ್ ಮುಂದುವರಿಸಿದರು. ಅಕ್ಕ ಒಬ್ಬಳೇ ನಿಂತಳು. ಆತನ ಕೈಯಿಂದ ಒಂದು ತಟ್ಟೆ ಇಸಿದುಕೊಂಡು ಎಸೆದಳು. ಸರಪಳಿ ಝಲ್ ಎಂದಿತು.

ಮುಗಿಯಿತು ನನ್ನ ಕತೆ!

"ಈ ವಯಸ್ಸಿನಾಗ ಇದೇನಕ್ಕಾ?" ಎಂದೆ.

"ಡಾಕ್ಟರ್ ಏನಂದಾನ? ಕೈ ಆಡಸು ಅಂದಾನ. ಆಡಸ್ಲತೀನಿ."

"ಆಡಸು ಅಂದ್ರ ಅಲುಗಾಡಸು ಅಂತ ಅರ್ಥ!"

"ಅಲುಗಾಡೋದು ಅದಕ್ಕೇ ಬರ್ತದ, ನಾ ಯಾಕ ಕಲಸ್ಬೇಕು? ಆಟ ಬರಂಗಿಲ್ಲ, ಅದನ್ನ ಕಲಸ್ತೀನಿ."

ಮೇಷ್ಟರ ಜೊತೆ ವ್ಯಾಕರಣ ಜಗಳ ಆಡಿ ಗೆದ್ದವರುಂಟೇ?

ಬೀದರಿನ ಅಂಗಡಿಗಳಲ್ಲಿ ಆ ತಟ್ಟೆ ಸಿಗಲಿಲ್ಲ. ಒಬ್ಬ ಅಂಗಡಿಯವನು ನಾಯಿ ಆಡಿಸುವ ತಟ್ಟೆ ಕೊಟ್ಟ. ಅಕ್ಕ ಅದನ್ನೇ ಪಾರ್ಕಿಗೆ ಇಟ್ಟುಕೊಂಡಳು. ಮನೆಯ ಅಭ್ಯಾಸಕ್ಕೆ ಆಕೆ ಹುಡುಕಿಕೊಂಡದ್ದು ಯಾವುದು ಗೊತ್ತೇ? ನನ್ನ ಹೆಂಡತಿ ಒಣಗಿಸಿ ಡಬ್ಬಿ ತುಂಬಿಟ್ಟಿದ್ದ ಖಡಕ್ ರೊಟ್ಟಿ! "ಮಣಿಕಟ್ಟಿನ ಹೊರಳು ಒಂದೇ ನೋಡು, ರೊಟ್ಟಿ ಹಂಚಿಗಿ ಹಾಕಿದಂಗ" ಎಂದು ಮಾಳಿಗೆಯ ಮೇಲೆ ನಿಂತು ಒಂದೊಂದಾಗಿ ತೂರಿದಳು. ಡಬ್ಬಿ ಖಾಲಿಯಾದಾಗ ನನ್ನ ಹೆಂಡತಿ ಇಲಿಯ ಮೇಲೆ ಸಂಶಯಪಟ್ಟಳು. ಮರುದಿನ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿನಿಂದ ಇಣುಕಿ ಬಹಳ ಮರ್ಯಾದೆಯಿಂದ ಕೇಳಿದರು:

"ಅಕ್ಕಾರೆ, ರೊಟ್ಟಿ ಬಂದು ಮುಟ್ಟ್ಯಾವ್ರಿ. ಶೇಂಗಾ ಚಟ್ನಿ ಯಾವಾಗ ಬರ್ತದ್ರಿ?"

ಪಾರ್ಕಿನಲ್ಲಿ ನನ್ನ ಕೆಲಸ ಬುಟ್ಟಿಯ ಪಕ್ಕ ನಿಂತು ತಟ್ಟೆ ಎಲ್ಲಿ ಬಿತ್ತೆಂದು ನೋಡುವುದು, ಹೆಕ್ಕಿ ತರುವುದು. ಅಂದರೆ, ತಟ್ಟೆ ಯಾವ ಜಾತಿಯ ಪ್ರಾಣಿಗೆ ಮಾಡಿದ್ದೋ ಅದರ ಕೆಲಸವೇ! ಎಸೆಯುವಾಗ ಅಕ್ಕ "ಬಚ್ಕೇ!" ಎಂದು ಎಚ್ಚರಿಕೆ ಕೂಗುತ್ತಾಳೆ. ತೊಂದರೆಯೆಂದರೆ, ಆ ಕೂಗು ತಟ್ಟೆ ನನ್ನನ್ನು ಮುಟ್ಟಿದ ಮೇಲೆ ಬರುತ್ತದೆ. ಹೆಲ್ಮೆಟ್ ಸುಮ್ಮನೆ ಬಂದದ್ದಲ್ಲ.

ಒಂದು ಭಾನುವಾರ ಭಾಲ್ಕಿಯ ಕಡೆಯಿಂದ ಬಂದಿದ್ದ ಕುಟುಂಬವೊಂದು ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿತ್ತು. ಅಕ್ಕನ ತಟ್ಟೆ ಗಾಳಿಗೆ ಹೊರಳಿ ಸೀದಾ ಅವರ ಪಂಕ್ತಿಯ ನಡುವೆ ಇಳಿಯಿತು. ನಾನು ಬೈಸಿಕೊಳ್ಳಲು ತಯಾರಾಗಿ ಓಡಿದೆ. ಅಲ್ಲಿದ್ದ ಮುದುಕಿ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹೆಲ್ಮೆಟ್ ನೋಡಿದಳು. "ಪಾಪ, ತಾಟು ಮುಂದ ಕಳಿಸಿ ತಾ ಹಿಂದಿಂದ ಬಂದಾನ" ಎನ್ನುತ್ತ ಅದನ್ನು ಸೆರಗಿನಿಂದ ಒರೆಸಿ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿ ಮುಂದೆ ಹಿಡಿದಳು.

"ಉಣ್ಣಪ್ಪಾ, ನಾಚ್ಕೋಬ್ಯಾಡ. ಟೊಪ್ಪಿಗಿ ತಗೀ ಮೊದಲು."

ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತುತ್ತು ಒಳಗೆ ಹೋಗಿತ್ತು. ಪುಂಡಿಪಲ್ಯ ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು. ಆಚೆಯಿಂದ ಅಕ್ಕನ ದನಿ ಬಂತು: "ತಾಟು ತರ್ಲಾಕ ಕಳಿಸಿದ್ರ ಪಂಕ್ತಿಗಿ ಕುಂತಿ ಏನೋ!"

ಅಕ್ಕ ಹತ್ತಿರ ಬಂದಾಗ ಮುದುಕಿ ನೇರವಾಗಿ ಕೇಳಿದಳು, "ಯವ್ವಾ, ನಿನ್ನ ಕೈಗಿ ಏನಾಗ್ಯಾದ?"

ಮನೆಯಲ್ಲಿ ನಾವ್ಯಾರೂ ಆ ಮಾತೆತ್ತುವುದಿಲ್ಲ.

"ಸಾಲ್ಯಾಗ ಭಾಳ ಮಂದಿ ಕಿವಿ ಹಿಂಡ್ಯಾದ ಅದು," ಎಂದಳು ಅಕ್ಕ. "ಈಗ ಅಂಜಿ ನಡಗ್ಲತದ."

ಮುದುಕಿ ಬಿದ್ದು ಬಿದ್ದು ನಕ್ಕಳು. ಅಕ್ಕನೂ ನಕ್ಕಳು. ನಾನು ಹೆಲ್ಮೆಟ್ಟನ್ನು ಮತ್ತೆ ತಲೆಗೆ ಏರಿಸಿಕೊಂಡೆ.

ಈಗ ಒಂದು ಗುಟ್ಟು ಹೇಳುತ್ತೇನೆ. ನಾನು ಬುಟ್ಟಿಯ ಪಕ್ಕ ನಿಂತು ತಟ್ಟೆಯನ್ನು ನೋಡುವುದೇ ಇಲ್ಲ. ಪೆಟ್ಟು ಬೀಳುವುದೂ ಅದಕ್ಕೇ. ನಾನು ನೋಡುವುದು ಅಕ್ಕನ ಕೈಯನ್ನು. ಆಕೆ ತಟ್ಟೆ ಹಿಡಿದು, ತೋಳನ್ನು ಎದೆಯವರೆಗೆ ಎಳೆದುಕೊಂಡು, ಇನ್ನೇನು ಬಿಡಬೇಕು ಎನ್ನುವಾಗ ಆ ಕೈ ನಡುಗುವುದನ್ನು ನಿಲ್ಲಿಸುತ್ತದೆ. ಪೂರ್ತಿ ನಿಲ್ಲಿಸುತ್ತದೆ! ಕರಿಹಲಗೆಯ ಮೇಲೆ ಅಳತೆಪಟ್ಟಿ ಇಲ್ಲದೆ ಗೆರೆ ಎಳೆಯುತ್ತಿದ್ದ ಹಳೆಯ ಕೈ ಆಗುತ್ತದೆ. ತಟ್ಟೆ ಹೋಯಿತೋ, ನಡುಕ ಮರಳಿತು. ಮೊದಮೊದಲು ಆ ನಿಲುಗಡೆ ನಾನು ಒಂದು ಉದ್ದ ಉಸಿರು ಬಿಡುವಷ್ಟು ಹೊತ್ತು ಇರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತಿತ್ತು. ನಾನು ಕಣ್ಣು ಮಿಟುಕಿಸುವುದನ್ನೇ ಬಿಟ್ಟೆ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಏನೂ ಆಗಲಿಲ್ಲ. ಒಂದು ದಿನ ಆ ಕೈ ನಿಲ್ಲದೇ ಹೋಗುತ್ತದೆ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಗೊತ್ತಿದ್ದು ಮಾಡುವುದಾದರೂ ಏನು? ಒಬ್ಬಳು ಎಸೆದಳು, ಒಬ್ಬ ಹೆಕ್ಕಿ ತಂದ.

ಮೊನ್ನೆ ಬೆಳಿಗ್ಗೆ ಕಡೆಯ ಬುಟ್ಟಿಯ ಎದುರು ಆ ದಿನ ಬಂತು. ಅಕ್ಕ ತೋಳು ಎಳೆದುಕೊಂಡಳು. ಕೈ ನಿಲ್ಲಲಿಲ್ಲ. ತಟ್ಟೆ ಬೆರಳುಗಳಿಂದ ಜಾರಿ ಆಕೆಯ ಬೂಟಿನ ಮೇಲೆಯೇ ಬಿತ್ತು. ಮತ್ತೆ ಎತ್ತಿಕೊಂಡಳು. ಮತ್ತೆ ಬಿತ್ತು. ಅಡ್ಡಾಡುವವರು ನಿಂತು ನೋಡತೊಡಗಿದರು. ನಾನು ಓಡಿದೆ.

"ಮನಿಗಿ ಹೋಗಾಮೇನಕ್ಕಾ?"

ಅಕ್ಕ ಬುಟ್ಟಿಯನ್ನೇ ನೋಡುತ್ತಿದ್ದಳು. "ತಮ್ಮಾ, ಬಾ ಇಲ್ಲಿ. ಕೈ ಹಿಡಿ."

ರಸ್ತೆ ದಾಟಿಸಲು ಕೈ ಹಿಡಿದರೆ ಫಟ್ಟನೆ ಬಡಿಯುವವಳು ಆಕೆ. ನಾನು ಆಕೆಯ ಬೆನ್ನ ಹಿಂದೆ ನಿಂತು, ಆ ಮಣಿಕಟ್ಟನ್ನು ನನ್ನ ಕೈಯಲ್ಲಿ ಹಿಡಿದೆ. ಎಷ್ಟು ತೆಳ್ಳಗಾಗಿದೆ! ಇಬ್ಬರೂ ಕೂಡಿ ತೋಳು ಎಳೆದೆವು, ಇಬ್ಬರೂ ಕೂಡಿ ಬಿಟ್ಟೆವು. ತಟ್ಟೆ ಬುಟ್ಟಿಯ ಕಡೆ ಹೋಗಲೇ ಇಲ್ಲ. ಎಡಕ್ಕೆ ಹೊರಳಿ ಪೊದೆಯೊಳಗೆ ಬಿತ್ತು.

ಹೆಕ್ಕಿ ತರಬೇಕಿತ್ತು. ನಾನು ಹೋಗಲಿಲ್ಲ. ಹಿಡಿದ ಕೈ ಬಿಡಲಾಗಲಿಲ್ಲ. ನಡುಕ ನನ್ನ ಬೆರಳುಗಳಿಂದ ಮೊಣಕೈವರೆಗೆ ಏರಿತ್ತು. ಅಕ್ಕ ತಲೆ ತಗ್ಗಿಸಿ ನಮ್ಮ ಎರಡೂ ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ನನಕಿಂತ ನಿಂದೇ ಜಾಸ್ತಿ ನಡಗ್ಲತದಲ್ಲೋ," ಎಂದಳು. ಆಮೇಲೆ ಎಡಗೈ ತಂದು ನನ್ನ ಕೈಯ ಮೇಲೆ ಇಟ್ಟಳು.

"ಅಂಜಬ್ಯಾಡ ತಮ್ಮಾ. ನಾ ಹಿಡ್ದೀನಿ."