ಹರಕೆಯ ಹುಂಜಕ್ಕೆ ಮಲೇರಿಯಾ

ನಮ್ಮ ಸೋದರಮಾವನ ಮನೆಗೆ ಹೋದವರು ಕಾಫಿ ಕುಡಿಯದೆ ಬರಬಹುದು, ಊಟ ಮಾಡದೆ ಬರಬಹುದು, ಆದರೆ ರಕ್ತ ಕೊಡದೆ ಬರುವಂತಿಲ್ಲ! ನಂಬಿಕೆ ಬಾರದಿದ್ದರೆ ಒಮ್ಮೆ ಉದ್ದನಪಲ್ಲಿಗೆ ಹೋಗಿ ನೋಡಿ. ಜಗಲಿಯ ಮೇಲೆ ಕೂತು ಒಂದು ಸಲ ಸೀನಿದರೆ ಸಾಕು, ಮಾವ ಸೂಜಿ, ಹತ್ತಿ ಹಿಡಿದು ಬಂದೇಬಿಡುತ್ತಾರೆ.

ಮಾವ ಡೆಂಕಣಿಕೋಟೆ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಜ್ವರದವರ ರಕ್ತವನ್ನು ಗಾಜಿನ ಸ್ಲೈಡಿಗೆ ಬಳಿದು, ಮೈಕ್ರೋಸ್ಕೋಪಿನಲ್ಲಿ ಮಲೇರಿಯಾ ಹುಡುಕುವ ಕೆಲಸದಲ್ಲಿದ್ದವರು. ನಿವೃತ್ತಿಯಾದಾಗ ಬೇರೆಯವರು ಶಾಲು, ಗಡಿಯಾರ ತೆಗೆದುಕೊಂಡು ಮನೆಗೆ ಬರುತ್ತಾರೆ. ಮಾವ ಗುಜರಿಗೆ ಹೋಗಲಿದ್ದ ಹಳೆಯ ಮೈಕ್ರೋಸ್ಕೋಪನ್ನು ಕೇಳಿ ಪಡೆದು, ಕೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದರು. ಆದರೆ ಊರಿನಲ್ಲಿ ಈಗ ಮಲೇರಿಯಾ ಎಲ್ಲಿದೆ? ನೆಂಟರ ರಕ್ತವೆಲ್ಲ ಮುಗಿದ ಮೇಲೆ ಅವರ ಕಣ್ಣು ಅತ್ತೆಯ ಕೋಳಿಗಳ ಮೇಲೆ ಬಿತ್ತು.

ಹಕ್ಕಿಗಳಿಗೂ ಮಲೇರಿಯಾದಂಥದ್ದು ಬರುತ್ತದೆ ಎಂದು ಅವರು ಎಲ್ಲೋ ಕೇಳಿದ್ದರು. ಅದು ನಿಜವೇ. ಕಾಗೆ, ಗುಬ್ಬಿ, ಗೂಬೆಗಳ ರಕ್ತದಲ್ಲೂ ಬರಿಗಣ್ಣಿಗೆ ಕಾಣದ ಅಂಥ ಹುಳ ಇರಬಹುದು, ಸೊಳ್ಳೆ, ನೊಣ ಅದನ್ನು ಹರಡುತ್ತವೆ, ನಮಗೆ ಅಂಟುವುದಿಲ್ಲ. ಮಾವ ಒಂದು ಕೋಳಿಯ ರೆಕ್ಕೆ ಎತ್ತಿ ಚುಚ್ಚಿ, ಸ್ಲೈಡಿಗೆ ಬಣ್ಣ ಹಾಕಿ ನೋಡಿದರು. ನೋಡಿದವರು ಕುರ್ಚಿಯಿಂದ ಎದ್ದೇಬಿಟ್ಟರು. ಒಂದೊಂದು ರಕ್ತಕಣದ ಒಳಗೂ ನೀಲಿ ಚುಕ್ಕೆ! ಮನುಷ್ಯರಲ್ಲಿ ಹಾಗೆ ಕಂಡಿದ್ದರೆ ರೋಗಿ ಉಳಿಯುತ್ತಿರಲಿಲ್ಲ. ಕೋಳಿ ಮಾತ್ರ ಆರಾಮಾಗಿ ತಿಪ್ಪೆ ಕೆದಕುತ್ತಿತ್ತು.

"ಊರಿನ್ ಕೋಳಿಗೆಲ್ಲಾ ಮಲೇರಿಯಾ ಬಂದ್ಬುಟ್ಟದೆ" ಎಂದು ಮಾವ ಬೀದಿಯುದ್ದಕ್ಕೂ ಸಾರಿಕೊಂಡು ಬಂದರು. ಆ ಭಾನುವಾರ ಎಲ್ಲರ ಮನೆಯಲ್ಲೂ ಮುದ್ದೆಗೆ ಹುರುಳಿಸಾರು. ಕೊನೆಗೆ ದನದ ಡಾಕ್ಟರು ಬಂದು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಐಯಾ, ಕೋಳಿ ರತ್ತಂ ಅಪ್ಪಡಿದಾನ್ ಇರುಕ್ಕುಂ" ಎಂದರು ತಮಿಳಿನಲ್ಲಿ. ಕೋಳಿ ರಕ್ತ ಇರುವುದೇ ಹಾಗಂತೆ! ಹಕ್ಕಿಗಳ ಕೆಂಪು ರಕ್ತಕಣದೊಳಗೆ ನಮ್ಮದರಲ್ಲಿಲ್ಲದ ಒಂದು ಬೀಜ, ಅಂದರೆ ನ್ಯೂಕ್ಲಿಯಸ್, ಇರುತ್ತದೆ; ಮಾವ ಕಂಡದ್ದು ಅದನ್ನೇ. ಅಂದಿನಿಂದ ಊರವರು ಅವರನ್ನು ಕಂಡಾಗಲೆಲ್ಲ, "ಸಾಮಿ, ನಮ್ ಕೋಳಿ ಯಾಕೋ ಕೆಮ್ತಾ ಅದೆ" ಅನ್ನತೊಡಗಿದರು.

ಮಾವ ಜಗ್ಗಲಿಲ್ಲ. ನಿಜವಾದ ಹುಳವನ್ನು ಹುಡುಕಿಯೇ ತೀರುತ್ತೇನೆಂದು ಹಠ ಹಿಡಿದು, ಕೋಳಿ ಬಿಟ್ಟು ಪಾರಿವಾಳಗಳ ಹಿಂದೆ ಬಿದ್ದರು. ಹೊಸೂರಿನ ಫ್ಯಾಕ್ಟರಿಯಲ್ಲಿ ದುಡಿಯುವ ನನಗೆ ರಜೆಯ ದಿನ ಪಾರಿವಾಳ ಹಿಡಿದುಕೊಳ್ಳುವ ಡ್ಯೂಟಿ. "ಸರ್ಯಾಗ್ ಹಿಡ್ಕೊಳ್ಲಾ, ಅದೇನು ನಿನ್ನ ಕಚ್ತದಾ?" ಎಂದು ಬೈಯುತ್ತಲೇ ಬೀಜ ಯಾವುದು, ಹುಳ ಯಾವುದು ಎಂದು ನನಗೂ ಕಲಿಸಿದರು. ಒಂದು ಪಾರಿವಾಳದಲ್ಲಿ ಹುಳ ಸಿಕ್ಕಿಯೂ ಬಿಟ್ಟಿತು, ಬೀಜವನ್ನು ಬಳಸಿಕೊಂಡು ಬಾಳೆಹಣ್ಣಿನಂತೆ ಬಾಗಿ ಕೂತಿತ್ತು. ಮಾವ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದರು. ಪಾರಿವಾಳಕ್ಕೆ ಕಾಯಿಲೆ ಎಂದು ಸಿಹಿ ಹಂಚಿದವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅಷ್ಟರಲ್ಲಿ ಮಾವನ ಕಣ್ಣಿಗೆ ಪೊರೆ ಬಂತು. ಕಣ್ಣು ಮಂಜಾಗುತ್ತಾ ಹೋಗಿ ಕೊನೆಗೆ ಮೈಕ್ರೋಸ್ಕೋಪಿರಲಿ, ತಟ್ಟೆಯಲ್ಲಿದ್ದ ಮುದ್ದೆಯೂ ಕಾಣದಾಯಿತು. ಆಪರೇಷನ್ ಚೆನ್ನಾಗಿ ಆದರೆ ಹುಂಜ ಕೊಡುತ್ತೇನೆಂದು ಅತ್ತೆ ಮಾರಮ್ಮನಿಗೆ ಹರಕೆ ಹೊತ್ತರು. ಆಪರೇಷನ್ ಚೆನ್ನಾಗಿಯೇ ಆಯಿತು.

ಹರಕೆಯ ದಿನ ಹುಂಜದ ಮೇಲೆ ಅರಿಸಿನದ ನೀರು ಚಿಮುಕಿಸಿದರು. ಅದು ಮೈ ಜಾಡಿಸಿದರೆ ಅಮ್ಮ ಒಪ್ಪಿದಳೆಂದು ಲೆಕ್ಕ. ಹುಂಜ ಜೋರಾಗಿಯೇ ಜಾಡಿಸಿತು.

"ಅದು ಒಪ್ಗೆ ಅಲ್ಲ, ಚಳಿಜ್ವರ" ಎಂದು ಮಾವ ಹುಂಜವನ್ನು ಎತ್ತಿಕೊಂಡು ಒಳಗೆ ನಡೆದರು. "ಕಾಯ್ಲೆ ಇರೋದ್ನ ಅಮ್ಮನ್ಗೆ ಕೊಡ್ಬಾರ್ದು."

"ನಿಮ್ ಕಣ್ಣಿಗೇಂತ ಹೊತ್ತಿದ್ ಹರಕೆ" ಎಂದರು ಅತ್ತೆ. "ಅಮ್ಮ ಮುನಿಸ್ಕೊಂಡ್ರೆ ಏನ್ ಗತಿ? ನಿಮ್ ಮಾತು ನಾನ್ ನಂಬಲ್ಲ. ಇವ್ನು ನೋಡಿ ಯೋಳ್ಲಿ."

ಇವನು ಎಂದರೆ ನಾನು. ಮಾವ ಸ್ಲೈಡ್ ಮಾಡಿಕೊಟ್ಟರು. ನಾನು ಕಣ್ಣಿಟ್ಟು ಎಷ್ಟು ಹುಡುಕಿದರೂ ಬರೀ ಬೀಜ. ಹುಳದ ಸುಳಿವೇ ಇಲ್ಲ.

"ಏನೂ ಇಲ್ಲ ಅಂತ ನಂಗೂ ಗೊತ್ತು ಕಣ್ಲಾ" ಮಾವ ಪಿಸುಗುಟ್ಟಿದರು. "ಆಪರೇಷನ್ ಆಗಿ ಮನೇಗ್ ಬಂದ್ ಪಟ್ಟಿ ಬಿಚ್ದಾಗ ಮೊದ್ಲು ಕಂಡಿದ್ದು ಇದ್ರ ಜುಟ್ಟು. ಗೋಡೆ ಮೇಲೆ ನಿಂತಿತ್ತು. ಅಂತಾ ಕೆಂಪು ನಾನ್ ಜನ್ಮದಾಗೇ ನೋಡಿರ್ಲಿಲ್ಲ. ಅದ್ನ ಹೆಂಗ್ಲಾ ಕೊಡ್ಲಿ?"

ಹೊರಗೆ ಬಂದೆ.

"ಹುಳ ಅದೆ ಅತ್ತೆ" ಎಂದೆ.

"ಎಂದ್ಗೆ ವಾಸಿ ಆಗ್ತದೆ?"

"ವಾಸಿ ಆಗೋದಲ್ಲ ಅತ್ತೆ. ಒಂದ್ಸಲ ಬಂದ್ರೆ ರಕ್ತದಾಗೇ ಉಳ್ಕೊಂಬುಡ್ತದೆ. ಆದ್ರೂ ಹಕ್ಕಿ ಚೆನ್ನಾಗೇ ಓಡಾಡ್ಕೊಂಡಿರ್ತದೆ."

ಅತ್ತೆ ನನ್ನ ಮುಖ ನೋಡಿದರು. ಬಾಗಿಲ ಹಿಂದೆ ಹುಂಜವನ್ನು ಅವಚಿಕೊಂಡು ನಿಂತಿದ್ದ ಮಾವನನ್ನೂ ನೋಡಿದರು.

"ನಿಮ್ ಮಾವನ್ಗಿರೋದೂ ಅದೇ ಕಾಯ್ಲೆ, ಬಿಡು" ಎಂದು, ಅಮ್ಮನಿಗೆ ಹುಂಜದ ಬದಲು ತಂಬಿಟ್ಟಿನ ದೀಪ ಮಾಡಲು ಅಕ್ಕಿ ನೆನೆಹಾಕಿದರು. ಆಮೇಲೆ ಒಂದು ಹಿಡಿ ರಾಗಿ ತಂದು ಅಂಗಳದಲ್ಲಿ ಚೆಲ್ಲಿ, "ಇಳ್ಸಿ ಅದ್ನ, ಹಸ್ಕೊಂಡದೆ" ಎಂದರು.