ಅವರೆಗೆ ನಾನು ಕೊಟ್ಟ ಬೆಳಕು

ಅಮೆರಿಕದ ಏಪೆಕ್ಸ್ ಊರಿನ ನಮ್ಮ ಹಿತ್ತಲಲ್ಲಿ ಗ್ರೀನ್‌ಹೌಸ್ ಎದ್ದು ನಿಂತ ದಿನವೇ ನಾನು ಕೃಷಿ ಪಂಡಿತನಾದೆ. ಆಗಷ್ಟೇ ಬಸುರಿಯಾಗಿದ್ದ ಹೆಂಡತಿ ಸುಮಾ ಒಂದೇ ಒಂದು ಬಯಕೆ ಹೇಳಿದ್ದಳು: ಸಂಕ್ರಾಂತಿಗೆ ಹಿತುಕಿದ ಅವರೆಬೇಳೆ ಸಾರು.

"ನಿನಗೊಬ್ಳಿಗೇನು, ಊರಿಗೇ ಊಟ ಹಾಕ್ತೀನಿ!" ಎಂದೆ. ಎಂಟು ಮನೆಯವರನ್ನು ಕರೆದೂಬಿಟ್ಟೆ. ಅಂಗಡಿಯ ಫ್ರೋಜನ್ ಕಾಳನ್ನು ಯಾರೂ ತರಕೂಡದೆಂದು ಷರತ್ತು ಬೇರೆ!

ಗ್ರೀನ್‌ಹೌಸಿನಲ್ಲಿ ಅವರೆ ಬಿತ್ತಿ, ಗಿಡಗಳಿಗೆ ಯಾವ ಕೊರತೆಯೂ ಆಗಬಾರದೆಂದು ಹೀಟರ್ ಇಟ್ಟೆ. ಬಿಸಿಲಿನ ಬದಲಿಗೆ ದಿನಕ್ಕೆ ಹದಿನಾರು ಗಂಟೆ ಗ್ರೋ ಲೈಟ್ ಉರಿಸಿದೆ. ಡಿಸೆಂಬರ್ ಹೊತ್ತಿಗೆ ಬಳ್ಳಿ ಸೂರು ಮುಟ್ಟಿತು. ಎಲೆಯೋ ಎಲೆ. ಹೂ ಮಾತ್ರ ಒಂದೂ ಇಲ್ಲ!

ಪಕ್ಕದ ಮನೆಯ ನಾಗರತ್ನ ಆಂಟಿ ಊರಿನಲ್ಲಿ ಅವರೆ ಹೊಲದ ನಡುವೆಯೇ ಬೆಳೆದವರು. ಬಂದು ನೋಡಿ ಹಣೆ ಚಚ್ಚಿಕೊಂಡರು.

"ಏನಪ್ಪಾ ಇದು, ಮದುವೆ ಮನೆ ಥರ ಲೈಟ್ ಹಾಕಿದ್ದೀಯ? ಅವರೆಗೆ ಉದ್ದ ಕತ್ತಲೆ ಬೇಕು ಕಣೋ. ಚಳಿಗಾಲ ಬಂದಿದೆ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ತಪ್ಪನ್ನು ತಕ್ಷಣ ತಿದ್ದಿಕೊಂಡೆ. ಎಕ್ಸ್‌ಟೆನ್ಷನ್ ವೈರನ್ನೇ ಕಿತ್ತೆಸೆದೆ. ಹೀಟರ್ ಕೂಡ ಅದೇ ವೈರಿನಲ್ಲಿತ್ತು. ಬೆಳಿಗ್ಗೆ ನೋಡಿದರೆ ರಾತ್ರಿಯ ಕೊರೆಯುವ ಚಳಿಗೆ ಇಡೀ ಬಳ್ಳಿ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿತ್ತು.

"ಹೋಗ್ಲಿ ಬಿಡಿ, ತೊಗರಿಬೇಳೆ ಸಾರು ಮಾಡಿದ್ರಾಯ್ತು" ಎಂದು ಸುಮಾ ಮುಖ ತಿರುಗಿಸಿದಳು. ಬೈದಿದ್ದರೇ ಚೆನ್ನಾಗಿತ್ತು.

ಹಬ್ಬದ ಹಿಂದಿನ ದಿನ ಮಾನ ಬಿಟ್ಟು ಫ್ರೋಜನ್ ಕಾಳಿಗಾಗಿ ಇಂಡಿಯನ್ ಸ್ಟೋರ್‌ಗಳನ್ನೆಲ್ಲ ಸುತ್ತಿದೆ. "ಈ ವಾರ ಎಲ್ಲಾ ಖಾಲಿ ಅಂಕಲ್" ಎಂದಳು ಕೌಂಟರಿನ ಹುಡುಗಿ. ಎಲ್ಲ ಕಡೆಯೂ ಅದೇ ಉತ್ತರ!

ಸಂಕ್ರಾಂತಿಯ ಬೆಳಿಗ್ಗೆ ಬಾಗಿಲು ತೆರೆದು, ಕ್ಷಮೆ ಕೇಳಲು ಬಾಯಿ ತೆರೆದೆ. ಎಂಟು ಮನೆಯವರ ಕೈಯಲ್ಲೂ ನೆನೆಸಿದ ಅವರೆಕಾಳಿನ ಡಬ್ಬಿ! ಹೂವಿಲ್ಲದ ಬಳ್ಳಿ ನೋಡಿದ ದಿನವೇ ಆಂಟಿ ಎಲ್ಲರಿಗೂ ಫೋನ್ ಮಾಡಿದ್ದರಂತೆ. ಅಂಗಡಿಗಳ ಕಾಳೆಲ್ಲ ಖಾಲಿಯಾಗಿದ್ದು ಇವರಿಂದಲೇ!

"ಆಂಟಿ, ನನ್ ಮೇಲೆ ಒಂಚೂರೂ ನಂಬಿಕೆ ಇರ್ಲಿಲ್ವಾ?"

"ಪೂರ್ತಿ ಇತ್ತು ಕಣೋ. ಅದಕ್ಕೇ ಫೋನ್ ಮಾಡ್ದೆ."

ಬಿಸಿಲಿಗೆ ಬೆಚ್ಚಗಾಗಿದ್ದ ಗ್ರೀನ್‌ಹೌಸಿನಲ್ಲೇ ಚಾಪೆ ಹಾಸಿ ಎಲ್ಲರೂ ಕಾಳು ಹಿತುಕಲು ಕೂತರು. ನಾನೂ ಕೂತೆ. ನನ್ನ ಮೂರನೆಯ ಕಾಳು ಚಿಮ್ಮಿ ಆಂಟಿಯ ಕನ್ನಡಕಕ್ಕೆ ಬಡಿಯಿತು. ಆಮೇಲೆ ನನಗೆ ಸಿಪ್ಪೆ ಎತ್ತುವ ಕೆಲಸ ಕೊಟ್ಟರು.

ಸುಮಾ ಮೂರು ಸಲ ಸಾರು ಹಾಕಿಸಿಕೊಂಡಳು. ಅವಳ ತವರಿನವರು ಬರಲಾಗದ ಈ ದೂರದ ಊರಿನಲ್ಲಿ, ಆ ಚಳಿಯಲ್ಲಿ ಇಷ್ಟು ಜನ ಬಂದರಲ್ಲ ಎಂದು ನನ್ನ ಕಣ್ಣು ತುಂಬಿತು. ಅವಳ ಕಣ್ಣೂ ತುಂಬಿತ್ತು. ಕೈ ತೊಳೆದು ಬಂದು ನನ್ನ ಕಿವಿಯಲ್ಲಿ ಹೇಳಿದಳು:

"ರೀ, ಮುಂದಿನ ವರ್ಷ ನೀವು ಏನೂ ಬೆಳೀಬೇಡಿ. ಬರೀ ಕರೀರಿ ಸಾಕು."